ಅನ್ನದ ಋಣ, ಕಣ್ಣಿನ ಸಾಕ್ಷ್ಯ: ಇಬ್ನ್ ಬತೂತಾ ಕಂಡ ಹಿಂದೂಸ್ತಾನ

ಹನೂರು ತಾಲ್ಲೂಕಿನ ಕಾಡಂಚಿನಲ್ಲಿ ಒಡೆಯರಪಾಳ್ಯ ಎಂಬ ಊರಿದೆ. ಅಲ್ಲಿಗೆ ಹೋದವರ ಕಣ್ಣಿಗೆ ಗಾಳಿಗೆ ಹಾರಾಡುವ ಬಣ್ಣಬಣ್ಣದ ಪ್ರಾರ್ಥನಾ ಧ್ವಜಗಳು, ಮುಸುಕಿನ ಜೋಳದ ಹೊಲಗಳು ಮತ್ತು ಬೌದ್ಧ ವಿಹಾರವೊಂದರ ಎತ್ತರದ ಮಾಡು ಕಾಣುತ್ತವೆ. 1959ರಲ್ಲಿ ದಲಾಯಿ ಲಾಮಾ ಭಾರತಕ್ಕೆ ಬಂದ ಬಳಿಕ ಅವರ ಹಿಂದೆಯೇ ಸಾವಿರಾರು ಟಿಬೇಟಿಯನ್ನರು ನಿರಾಶ್ರಿತರಾಗಿ ಈ ದೇಶಕ್ಕೆ ಬಂದರು. ಅಂದಿನ ಮೈಸೂರು ಸರ್ಕಾರ 1960ರಲ್ಲಿ ಬೈಲಕುಪ್ಪೆಯಲ್ಲಿ ಅವರಿಗೆ ನೆಲೆ ಕೊಟ್ಟಿತು. ನಂತರ ಮುಂಡಗೋಡ, ಹುಣಸೂರು, 1970ರ ದಶಕದಲ್ಲಿ ನಮ್ಮ ಒಡೆಯರಪಾಳ್ಯ. ಕೊಳ್ಳೇಗಾಲದ ಸಂತೆಯಲ್ಲಿ ನಮ್ಮವರ ಪಕ್ಕದಲ್ಲೇ ನಿಂತು ಕನ್ನಡದಲ್ಲಿ ಚೌಕಾಸಿ ಮಾಡುವ ಆ ಮುಖಗಳು ಈಗ ನಮಗೆ ಹೊಸವಲ್ಲ.

ಅವರಲ್ಲಿ ಯಾರನ್ನಾದರೂ ಸಲುಗೆಯಿಂದ ಮಾತಾಡಿಸಿ ನೋಡಿ, ಎರಡು ಬಗೆಯ ಮಾತು ಕೇಳಿಬರುತ್ತದೆ. ಒಂದು, ಈ ನಾಡು ನಮಗೆ ಅನ್ನ ಕೊಟ್ಟಿತು, ನಮ್ಮ ಧರ್ಮವನ್ನು ಆಚರಿಸಲು ಬಿಟ್ಟಿತು ಎಂಬ ಕೃತಜ್ಞತೆ. ಇನ್ನೊಂದು, ಅರ್ಧ ಶತಮಾನ ಉತ್ತ ನೆಲ ಇಂದಿಗೂ ನಮ್ಮದಲ್ಲ, ಗುರುತಿನ ಕಾಗದವನ್ನು ಮತ್ತೆ ಮತ್ತೆ ನವೀಕರಿಸಿಕೊಳ್ಳುತ್ತಲೇ ಇರಬೇಕು ಎಂಬ ಬೇಸರ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರಿಗೆ ನಮ್ಮ ಕಾನೂನು ಹುಟ್ಟಿನಿಂದಲೇ ಪೌರತ್ವ ಕೊಡುತ್ತದೆ. ಆದರೂ ಅದನ್ನು ಪಡೆಯಲು ಹಿಂಜರಿಯುವ ಟಿಬೇಟಿಯನ್ನರಿದ್ದಾರೆ. ಪಡೆದರೆ ತಾಯ್ನಾಡಿನ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಂತಾಗುವುದೇ ಎಂಬ ಅಳುಕು ಅವರದು.

ಇದನ್ನು ಪರರ ಕಥೆ ಎಂದು ಕೇಳಿ ಮರೆಯುವಂತಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರಿನ ನಮ್ಮ ಮನೆಗಳಿಂದಲೂ ಮಕ್ಕಳು ದುಡಿಮೆಗಾಗಿ ಪರದೇಶಕ್ಕೆ ಹೋಗಿದ್ದಾರೆ. ರಿಯಾದ್, ದುಬೈ, ಕುವೈತ್‌ಗಳಲ್ಲಿ ಹದಿನೈದು ಇಪ್ಪತ್ತು ವರ್ಷ ಕಳೆದು ಬಂದ ಹಿರಿಯರ ಮಾತಿನಲ್ಲೂ ಇದೇ ಎರಡು ಎಳೆಗಳಿರುತ್ತವೆ. ತಂಗಿಯರ ಮದುವೆ ಆ ದೇಶದ ಸಂಬಳದಿಂದ ಆಯಿತು, ಮನೆಯ ತಾರಸಿ ಆ ದುಡ್ಡಿನಿಂದ ಬಿತ್ತು, ಹರಮ್ ಶರೀಫಿನ ದರ್ಶನ ಆ ನೆಲದಲ್ಲಿ ದೊರೆಯಿತು. ಹಾಗೆಯೇ ಅಲ್ಲಿ ಎಷ್ಟು ವರ್ಷ ಇದ್ದರೂ ಹೊರಗಿನವನೆಂದೇ ಎಣಿಸಿದರು, ತಂದೆಯ ಜನಾಝಕ್ಕೆ ಬರಲಾಗಲಿಲ್ಲ ಎಂಬ ನೋವೂ ಅವರೊಳಗಿದೆ. ಈ ಎರಡನೆಯ ಮಾತನ್ನು ಹೇಳಲು ಅವರು ಹಿಂದೆಮುಂದೆ ನೋಡುತ್ತಾರೆ. ಉಂಡ ಮನೆಯ ಜಂತೆ ಎಣಿಸಬಾರದೆಂಬ ಗಾದೆ ಅವರ ನಾಲಿಗೆಯನ್ನು ಕಟ್ಟುತ್ತದೆ.

ಹಾಗಾದರೆ ಆಶ್ರಯ ಪಡೆದವನು ಆಶ್ರಯ ಕೊಟ್ಟ ನಾಡಿನ ಕುಂದನ್ನು ಹೇಳುವುದು ಕೃತಘ್ನತೆಯೇ? ಈ ಪ್ರಶ್ನೆಗೆ ನಮ್ಮ ಇತಿಹಾಸದಲ್ಲಿಯೇ ಉತ್ತರ ಹುಡುಕಬಹುದು. ಸುಮಾರು 680 ವರ್ಷಗಳ ಹಿಂದೆ ಮೊರಾಕ್ಕೋದಿಂದ ಬಂದು ದೆಹಲಿಯಲ್ಲಿ ಕಾಝಿಯಾಗಿ, ನಮ್ಮ ಹೊನ್ನಾವರದಲ್ಲಿ ಅತಿಥಿಯಾಗಿ ಬಾಳಿದ ಒಬ್ಬ ವಿದ್ವಾಂಸನು ಈ ಎರಡೂ ಮಾತುಗಳನ್ನು ಬಿಡದೆ ಹೇಳಿಟ್ಟು ಹೋಗಿದ್ದಾನೆ. ಅವನೇ ಇಬ್ನ್ ಬತೂತಾ.

ಮುಚ್ಚಳಿಕೆ ಬರೆದುಕೊಟ್ಟು ಬಂದ ಅತಿಥಿ

ಇಬ್ನ್ ಬತೂತಾ ಹುಟ್ಟಿದ್ದು 1304ರಲ್ಲಿ, ಮೊರಾಕ್ಕೋದ ತಂಜಾ ಪಟ್ಟಣದ ಕಾಝಿಗಳ ಮನೆತನದಲ್ಲಿ. 1325ರಲ್ಲಿ, ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಹಜ್ಜ್‌ಗೆಂದು ಒಬ್ಬನೇ ಹೊರಟನು. ತಂದೆ ತಾಯಿ ಇಬ್ಬರೂ ಬದುಕಿದ್ದರು, ಅವರನ್ನು ಅಗಲುವ ದುಃಖ ಅವನನ್ನು ಬಾಧಿಸಿತ್ತು. ಹಜ್ಜ್ ಮುಗಿದರೂ ಪ್ರಯಾಣ ಮುಗಿಯಲಿಲ್ಲ. ಇರಾಕ್, ಇರಾನ್, ಯಮನ್, ಪೂರ್ವ ಆಫ್ರಿಕಾದ ಕರಾವಳಿ, ಅನಾತೋಲಿಯಾ, ಮಧ್ಯ ಏಷ್ಯಾಗಳನ್ನು ಸುತ್ತಿ, ಹಿಜರಿ 734ರ ಮುಹರ್ರಮ್ ತಿಂಗಳ ಮೊದಲ ದಿನ, ಅಂದರೆ 1333ರ ಸೆಪ್ಟೆಂಬರ್‌ನಲ್ಲಿ, ಅವನು ಸಿಂಧೂ ನದಿಯ ದಡ ಮುಟ್ಟಿದನು.

ಆಗ ದೆಹಲಿಯ ಸಿಂಹಾಸನದಲ್ಲಿದ್ದವನು ಮುಹಮ್ಮದ್ ಬಿನ್ ತುಘ್ಲಕ್. ಪರದೇಶದಿಂದ ಬಂದ ವಿದ್ವಾಂಸರೆಂದರೆ ಅವನಿಗೆ ಬಲು ಪ್ರೀತಿ. ಅವರನ್ನು ಪರದೇಶಿಗಳೆಂದು ಕರೆಯಕೂಡದು, ‘ಅಝೀಝ್’ ಅಂದರೆ ಮಾನ್ಯರು ಎಂದೇ ಕರೆಯಬೇಕೆಂದು ಅವನು ಆಜ್ಞೆ ಮಾಡಿದ್ದನು. ಇಷ್ಟೊಂದು ಗೌರವಕ್ಕೆ ಒಂದು ಷರತ್ತೂ ಇತ್ತು. ಇಲ್ಲೇ ನೆಲೆಸಿ ಸೇವೆ ಸಲ್ಲಿಸುವ ಉದ್ದೇಶವಿಲ್ಲದವರನ್ನು ಮುಲ್ತಾನಿನಿಂದ ಮುಂದಕ್ಕೆ ಬಿಡುತ್ತಿರಲಿಲ್ಲ. ಇಬ್ನ್ ಬತೂತಾ ಮತ್ತು ಅವನ ಸಂಗಡಿಗರು ಕಾಝಿಯ ಮುಂದೆ ಮುಚ್ಚಳಿಕೆ ಬರೆದುಕೊಟ್ಟು ದೆಹಲಿಯ ದಾರಿ ಹಿಡಿದರು. ಒಳಬರುವ ಬಾಗಿಲು ಅಗಲವಾಗಿತ್ತು. ಹೊರಹೋಗುವ ಬಾಗಿಲಿನ ಕೀಲಿ ಅರಸನ ಕೈಯಲ್ಲಿತ್ತು.

ದೆಹಲಿಯಲ್ಲಿ ಅವನನ್ನು ದೆಹಲಿಯ ಕಾಝಿಯಾಗಿ ನೇಮಿಸಲಾಯಿತು. ವರ್ಷಕ್ಕೆ 12,000 ಬೆಳ್ಳಿಯ ದೀನಾರ್ ವೇತನ ಗೊತ್ತಾಯಿತು. ಅವನು ಮಾಲಿಕೀ, ದೆಹಲಿಯ ಜನ ಹನಫಿಗಳು, ಸಾಲದ್ದಕ್ಕೆ ಆಸ್ಥಾನದ ಫಾರಸಿ ಭಾಷೆ ಅವನಿಗೆ ಸರಿಯಾಗಿ ಬಾರದು. ಇದನ್ನು ಅವನು ಅರಸನಿಗೆ ಮುಚ್ಚುಮರೆಯಿಲ್ಲದೆ ಹೇಳಿದನು. ಅರಸನು ಇಬ್ಬರು ಸಹಾಯಕರನ್ನು ಕೊಟ್ಟು ಕೆಲಸ ನಡೆಸಲು ಹೇಳಿದನು. ಅರಸನಿಗೆ ಕಾಣಿಕೆ ಒಪ್ಪಿಸಲೆಂದು ವ್ಯಾಪಾರಿಗಳಲ್ಲಿ ಮಾಡಿದ ಸಾಲ ಮತ್ತು ತನ್ನ ಕೈಮೀರಿದ ಖರ್ಚು ಸೇರಿ 55,000 ದೀನಾರ್‌ಗೆ ಏರಿದಾಗ ಅದನ್ನು ತೀರಿಸಿದವನೂ ಅರಸನೇ. ದೆಹಲಿಗೆ ಬಂದ ಹೊಸದರಲ್ಲಿ ಅವನ ಪುಟ್ಟ ಮಗಳು, ಇನ್ನೂ ಒಂದು ವರ್ಷ ತುಂಬದವಳು, ತೀರಿಕೊಂಡಳು. ಆ ಪರದೇಶಿ ಮಗುವಿನ ದಫನವನ್ನು ಸ್ವತಃ ವಝೀರನು ನಿಂತು ಮಾಡಿಸಿದನು. ಮಗುವನ್ನು ಮಣ್ಣಿಗೆ ಕೊಟ್ಟ ನೆಲವನ್ನು ಯಾವ ತಂದೆಯೂ ಪರದೇಶವೆಂದು ಸುಲಭವಾಗಿ ಕರೆಯಲಾರ.

ಕೊಡುವ ಕೈ, ಕೊಲ್ಲುವ ಕೈ

ಆದರೆ ಅದೇ ಅರಮನೆಯ ಬಾಗಿಲಿನಲ್ಲಿ ಅವನು ಬೇರೆಯದನ್ನೂ ಕಂಡನು. ಈ ಸುಲ್ತಾನನ ಬಾಗಿಲಲ್ಲಿ ಯಾವಾಗಲೂ ಒಬ್ಬ ಬಡವ ಸಿರಿವಂತನಾಗುತ್ತಿರುತ್ತಾನೆ, ಇಲ್ಲವೇ ಬದುಕಿದ್ದವನೊಬ್ಬ ಕೊಲ್ಲಲ್ಪಡುತ್ತಿರುತ್ತಾನೆ ಎಂಬುದು ಅವನ ವರ್ಣನೆಯ ಸಾರ. ಮರಣದಂಡನೆಗೆ ಗುರಿಯಾದವರ ದೇಹಗಳು ಮೂರು ದಿನ ಅಲ್ಲೇ ಬಿದ್ದಿರುತ್ತಿದ್ದವು. ಒಮ್ಮೆ ಅವನ ಕುದುರೆ ನೆಲದ ಮೇಲೆ ಬಿಳಿದಾಗಿ ಬಿದ್ದಿದ್ದ ಏನನ್ನೋ ಕಂಡು ಬೆದರಿತು. ನೋಡಿದರೆ ಅದು ಕಡಿದುಹಾಕಿದ ಮನುಷ್ಯನ ಮುಂಡವಾಗಿತ್ತು.

ದೆಹಲಿ ನಗರವೂ ಹಾಗೆಯೇ ಎರಡು ಮುಖ ತೋರಿತು. ಅದು ಎಷ್ಟು ವಿಶಾಲ, ಎಷ್ಟು ಭವ್ಯ ಎಂದು ಬೆರಗಾದವನು, ಅಷ್ಟು ದೊಡ್ಡ ನಗರದಲ್ಲಿ ಜನವೇ ಇಲ್ಲವೆಂದು ಮರುಗಿದನು. ಅರಸನು ದೆಹಲಿಯವರನ್ನು ದೌಲತಾಬಾದಿಗೆ ಕಳುಹಿಸಿದ್ದರ ಗಾಯ ಇನ್ನೂ ಮಾಯ್ದಿರಲಿಲ್ಲ. ಬಳಿಕ ವರ್ಷಗಟ್ಟಲೆ ಕ್ಷಾಮ ಬಂತು. ತಿಂಗಳುಗಳ ಹಿಂದೆ ಸತ್ತ ಕುದುರೆಯ ಚರ್ಮವನ್ನು ಕತ್ತರಿಸಿ ತಿನ್ನುತ್ತಿದ್ದ ಮೂವರು ಹೆಂಗಸರನ್ನು ಅವನು ಕಣ್ಣಾರೆ ಕಂಡನು. ಅದೇ ಕ್ಷಾಮದಲ್ಲಿ ದೆಹಲಿಯ ಜನರಿಗೆಲ್ಲ ಆರು ತಿಂಗಳ ದವಸ ಕೊಡಿಸಿದವನೂ ಅದೇ ಸುಲ್ತಾನ. ಎರಡನ್ನೂ ಅವನು ಬರೆಸಿದ್ದಾನೆ. ಒಂದನ್ನು ಹೇಳಿ ಇನ್ನೊಂದನ್ನು ನುಂಗಿಕೊಳ್ಳಲಿಲ್ಲ.

ಆ ಕತ್ತಿಯ ನೆರಳು ಕೊನೆಗೆ ಅವನ ಮೇಲೂ ಬಿತ್ತು. ಶೈಖ್ ಶಿಹಾಬುದ್ದೀನ್ ಎಂಬ ವಿರಕ್ತರು ದೆಹಲಿಯ ಹೊರಗೆ ನೆಲ ತೋಡಿ ಮಾಡಿಕೊಂಡ ಗುಹೆಯಲ್ಲಿ ವಾಸವಾಗಿದ್ದರು. ಅರಸನ ಕೆಲಸಕ್ಕೆ ಸೇರಲು ಒಪ್ಪದೆ, ಅವನನ್ನು ಎದುರಿಗೇ ಅನ್ಯಾಯಗಾರನೆಂದು ಕರೆದುದಕ್ಕಾಗಿ ಅವರಿಗೆ ಮರಣದಂಡನೆಯಾಯಿತು. ಅದಕ್ಕೆ ಮುಂಚೆ ಒಮ್ಮೆ ಅವರನ್ನು ಹೋಗಿ ನೋಡಿದ್ದೇ ಇಬ್ನ್ ಬತೂತಾನ ಅಪರಾಧವಾಯಿತು. ನಾಲ್ವರು ಕಾವಲುಗಾರರನ್ನು ಅವನ ಮೇಲೆ ಇಟ್ಟರು. ಹಾಗೆ ಕಾವಲಿಗೆ ಒಳಗಾದವರು ಉಳಿಯುವುದು ಅಪರೂಪ. ಅವನು ಐದು ದಿನ ಬಿಡದೆ ಉಪವಾಸ ಹಿಡಿದು, ಅಲ್ಲಾಹನೇ ನಮಗೆ ಸಾಕು ಎಂಬ ಅರ್ಥದ ಕುರ್‌ಆನ್ ವಚನವನ್ನು ಮೊದಲ ದಿನವೇ 33,000 ಸಲ ಪಠಿಸಿದನು. ಕೊನೆಗೆ ಬಿಡುಗಡೆಯಾಯಿತು. ಬಿಡುಗಡೆಯಾದೊಡನೆ ತನ್ನಲ್ಲಿದ್ದುದನ್ನೆಲ್ಲ ಫಕೀರರಿಗೆ ಹಂಚಿ, ಒಬ್ಬ ವಿರಕ್ತ ಶೈಖರ ಸೇವೆಯಲ್ಲಿ ಐದು ತಿಂಗಳು ಕಳೆದನು.

ದೆಹಲಿಗೆ ಬೆನ್ನು ತಿರುಗಿಸಲು ಅವನಿಗೆ ಅವಕಾಶ ಕೊಟ್ಟದ್ದೂ ಅದೇ ಸುಲ್ತಾನ. ಚೀನಾದ ಅರಸನ ಬಳಿಗೆ ರಾಯಭಾರಿಯಾಗಿ ಹೋಗಬೇಕೆಂದು ಅಪ್ಪಣೆಯಾಯಿತು. 1342ರ ಜುಲೈಯಲ್ಲಿ, ಎಂಟು ವರ್ಷಗಳ ದೆಹಲಿ ವಾಸ ಮುಗಿಸಿ ಅವನು ದಕ್ಷಿಣಕ್ಕೆ ಹೊರಟನು. ದಾರಿಯಲ್ಲಿ ಸುಲಿಗೆಗಾರರ ಕೈಗೆ ಸಿಕ್ಕಿ, ಪ್ರಾಣ ಉಳಿಸಿಕೊಂಡು, ದೌಲತಾಬಾದ್ ಮತ್ತು ಖಂಬಾತ್ ದಾಟಿ, ಹಡಗು ಹಿಡಿದು ನಮ್ಮ ಕರಾವಳಿಗೆ ಬಂದನು.

ಹೊನ್ನಾವರದ ಹದಿಮೂರು ಶಾಲೆಗಳು

ಶರಾವತಿ ಕಡಲನ್ನು ಸೇರುವೆಡೆಯಲ್ಲಿರುವ ಹೊನ್ನಾವರ ಅಂದು ಸುಲ್ತಾನ್ ಜಮಾಲುದ್ದೀನನ ಆಳ್ವಿಕೆಯಲ್ಲಿತ್ತು. ಆ ಸುಲ್ತಾನನು ಹರಿಯಬ್ ಎಂಬ ದೊಡ್ಡ ಅರಸನಿಗೆ ಅಧೀನನೆಂದು ಇಬ್ನ್ ಬತೂತಾ ಹೇಳುತ್ತಾನೆ. ಆ ಹರಿಯಬ್ ವಿಜಯನಗರದ ಹರಿಹರನೇ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಹೊನ್ನಾವರದ ಜನ ಶಾಫಿಈಗಳು, ಕಡಲ ವ್ಯಾಪಾರವೇ ಅವರ ಜೀವನ, ಬೇಸಾಯವಿಲ್ಲ.

ಇಲ್ಲಿ ಅವನ ಕಣ್ಣು ನಿಂತದ್ದು ಅರಮನೆಯ ಮೇಲಲ್ಲ, ಹೆಂಗಸರ ವಿದ್ಯೆಯ ಮೇಲೆ. ಹೊಲಿಗೆಯಿಲ್ಲದ ಒಂದೇ ಬಟ್ಟೆಯನ್ನು ಉಟ್ಟು, ಅದರ ಸೆರಗನ್ನೇ ಮೇಲಕ್ಕೆ ಹೊದ್ದುಕೊಳ್ಳುತ್ತಿದ್ದ, ಮೂಗಿಗೆ ಚಿನ್ನದ ನತ್ತು ಇಡುತ್ತಿದ್ದ ಹೊನ್ನಾವರದ ಹೆಂಗಸರೆಲ್ಲರೂ ಪವಿತ್ರ ಕುರ್‌ಆನನ್ನು ಕಂಠಪಾಠ ಮಾಡಿದವರೆಂದು ಅವನು ಹೇಳುತ್ತಾನೆ. ಊರಿನಲ್ಲಿ ಹುಡುಗರಿಗೆ 23 ಶಾಲೆಗಳು, ಹೆಣ್ಣುಮಕ್ಕಳಿಗೆ 13 ಶಾಲೆಗಳು. ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲವೆಂಬುದು ಅವನ ಸಾಕ್ಷ್ಯ. ಇದನ್ನು ಹೇಳಿದವನು ಕೈರೋ, ದಮಾಸ್ಕಸ್, ಬಗ್ದಾದ್, ಬುಖಾರಾಗಳನ್ನು ನೋಡಿ ಬಂದವನು ಎಂಬುದನ್ನು ನೆನಪಿಡಬೇಕು. ಇಂದು ನಮ್ಮ ಊರುಗಳಲ್ಲಿ ಹತ್ತನೆಯ ತರಗತಿ ಮುಗಿದೊಡನೆ ಹೆಣ್ಣುಮಗುವಿನ ಪುಸ್ತಕ ಕಟ್ಟಿಡುವ ತಂದೆತಾಯಂದಿರು ಈ ಹದಿಮೂರರ ಲೆಕ್ಕವನ್ನು ಒಮ್ಮೆ ಯೋಚಿಸಬೇಕು. ನಮ್ಮದೇ ನಾಡಿನ ನಮ್ಮದೇ ಸಮುದಾಯದ ಈ ಹಿರಿಮೆ ನಮಗೆ ತಿಳಿದುಬಂದದ್ದು ಒಬ್ಬ ಪರದೇಶಿಯ ಬಾಯಿಂದ. ಮನೆಯವರಿಗೆ ದಿನನಿತ್ಯದ್ದಾಗಿ ಕಂಡದ್ದು ಅತಿಥಿಗೆ ಅಚ್ಚರಿಯಾಗಿ ಕಂಡಿತು.

ಸುಲ್ತಾನನ ಊಟದ ವರ್ಣನೆಯೂ ಸೊಗಸಾಗಿದೆ. ಅನ್ನ, ಅದರ ಮೇಲೆ ತುಪ್ಪ, ಜೊತೆಗೆ ಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಬಳಿಕ ಮತ್ತೆ ಅನ್ನ, ಕೋಳಿ. ಆಮೇಲೆ ಇನ್ನೊಂದು ಸಲ ಅನ್ನ, ಮೀನು, ತರಕಾರಿ. ಕೊನೆಯಲ್ಲಿ ಮೊಸರು. ಓದುವಾಗ ನಮ್ಮ ಕರಾವಳಿಯ ಯಾವುದೋ ಮನೆಯ ಊಟಕ್ಕೆ ಕುಳಿತಂತಾಗುತ್ತದೆ. ಆದರೆ ಅತಿಥಿಯ ಗಂಟಲಿನ ಕಷ್ಟವನ್ನೂ ಅವನು ಮುಚ್ಚಿಡುವುದಿಲ್ಲ. ಈ ಸುಲ್ತಾನನ ಬಳಿ ಇನ್ನೊಂದು ಸಂದರ್ಭದಲ್ಲಿ ಹನ್ನೊಂದು ತಿಂಗಳು ಇದ್ದೆ, ಅಷ್ಟೂ ದಿನ ರೊಟ್ಟಿಯ ಮುಖ ನೋಡಲಿಲ್ಲ ಎನ್ನುತ್ತಾನೆ. ಆಮೇಲೆ ಮಾಲ್ದೀವು, ಸಿಂಹಳ, ಮಲಬಾರ್ ಮುಂತಾದೆಡೆ ಸೇರಿ ಮೂರು ವರ್ಷ ಬರೀ ಅನ್ನ ಉಂಡು, ಕೊನೆಗೆ ನೀರು ಕುಡಿಯದೆ ತುತ್ತು ಇಳಿಯದಂತಾಯಿತಂತೆ. ಗಲ್ಫ್‌ನ ಖಬೂಸ್ ತಿಂದು ಬೇಸತ್ತು ರಾಗಿಮುದ್ದೆಯನ್ನು ನೆನೆಯುವ ನಮ್ಮ ಕೊಳ್ಳೇಗಾಲದ ಹುಡುಗನ ಕಥೆ ಇದರ ತಿರುಗುಮುರುಗು. ಅನ್ನ ಕೊಟ್ಟವನ ಮೇಲೆ ಇಬ್ನ್ ಬತೂತಾನಿಗೆ ಅಭಿಮಾನವಿದೆ. ಹಾಗೆಂದು ನಾಲಿಗೆ ತಾಯ್ನಾಡಿನ ರೊಟ್ಟಿಯನ್ನು ಮರೆಯಲಿಲ್ಲ.

ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಸಿಕ್ಕಿ ಅವನ ರಾಯಭಾರದ ಹಡಗುಗಳು ನಾಶವಾದವು, ಚೀನಾದ ಅರಸನಿಗೆಂದು ಒಯ್ಯುತ್ತಿದ್ದ ಕಾಣಿಕೆಗಳು ಕಡಲಪಾಲಾದವು. ಬರಿಗೈಯಲ್ಲಿ ದೆಹಲಿಗೆ ಮರಳಲು ಅವನಿಗೆ ಧೈರ್ಯ ಬರಲಿಲ್ಲ. ಆಗ ನೆನಪಾದದ್ದು ಹೊನ್ನಾವರ. ಸುಲ್ತಾನ್ ಜಮಾಲುದ್ದೀನನು ಇರಲು ಮನೆ ಕೊಟ್ಟನು. ಅಲ್ಲಿ ಅವನು ದಿನದ ಬಹುಭಾಗವನ್ನು ಮಸೀದಿಯಲ್ಲಿ ಕಳೆಯುತ್ತ, ದಿನಕ್ಕೊಮ್ಮೆ, ಆಮೇಲೆ ದಿನಕ್ಕೆರಡು ಸಲ ಕುರ್‌ಆನ್ ಪೂರ್ತಿ ಪಠಿಸುತ್ತ ಸುಮಾರು ಮೂರು ತಿಂಗಳು ಇದ್ದನು. ಬಳಿಕ ಆ ಸುಲ್ತಾನನು 52 ಹಡಗುಗಳೊಂದಿಗೆ ಗೋವೆಯ ಮೇಲೆ ದಂಡೆತ್ತಿ ಹೋದಾಗ ಅತಿಥಿಯೂ ಜೊತೆಗೆ ಹೊರಟನು. ಹೆಚ್ಚು ಕಾಲ ಉಳಿದ ಅತಿಥಿ ಬರೀ ನೋಡುಗನಾಗಿ ಉಳಿಯುವುದಿಲ್ಲ, ಆ ಮನೆಯ ಜಗಳಕ್ಕೂ ಪಾಲುದಾರನಾಗುತ್ತಾನೆ.

ಅಂಗೈಗೆ ಹೊಯ್ದ ನೀರು

ಗೋವೆಯಿಂದ ಕೊಲ್ಲಮ್‌ವರೆಗಿನ ಕರಾವಳಿಯನ್ನೆಲ್ಲ ಅವನು ಮಲಬಾರ್ ಎಂದೇ ಕರೆಯುತ್ತಾನೆ. ಆ ದಾರಿಯ ಉದ್ದಕ್ಕೂ ಅರ್ಧ ಮೈಲಿಗೊಂದರಂತೆ ಮರದ ತಂಗುಮನೆಗಳಿದ್ದವು, ಕುಳಿತುಕೊಳ್ಳಲು ಜಗುಲಿಗಳು, ಪಕ್ಕದಲ್ಲಿ ಬಾವಿ, ನೀರು ಕೊಡಲೊಬ್ಬ ಕಾವಲುಗಾರ. ಧರ್ಮ ನೋಡದೆ ಎಲ್ಲರಿಗೂ ಅಲ್ಲಿ ವಿಶ್ರಾಂತಿ. ಆದರೆ ನೀರು ಕೊಡುವಾಗ ಮಾತ್ರ ಭೇದ. ತಮ್ಮವರಿಗೆ ಪಾತ್ರೆಯಲ್ಲಿ ಕೊಟ್ಟರೆ, ಮುಸ್ಲಿಮನಿಗೆ ಅಂಗೈಗೆ ಹೊಯ್ಯುತ್ತಿದ್ದರು. ಊಟ ಬಡಿಸಿದರೆ ಬಾಳೆಲೆಯ ಮೇಲೆ ಬಡಿಸಿ, ಉಳಿದುದನ್ನು ನಾಯಿಗೂ ಹಕ್ಕಿಗೂ ಹಾಕುತ್ತಿದ್ದರು. ಇಬ್ನ್ ಬತೂತಾ ಇದನ್ನು ದಾಖಲಿಸುತ್ತಾನೆ. ಅದೇ ಉಸಿರಿನಲ್ಲಿ, ಇಷ್ಟು ಸುರಕ್ಷಿತವಾದ ದಾರಿಯನ್ನು ತಾನು ಕಂಡಿಲ್ಲ, ಮರದಿಂದ ಬಿದ್ದ ಕಾಯನ್ನು ಕೂಡ ಒಡೆಯನಲ್ಲದೆ ಬೇರೆ ಯಾರೂ ಮುಟ್ಟುವುದಿಲ್ಲ ಎಂದೂ ಹೇಳುತ್ತಾನೆ. ಮುಟ್ಟಿಸಿಕೊಳ್ಳದ ಸಮಾಜವೇ ಪರದೇಶಿಯ ಗಂಟನ್ನೂ ಮುಟ್ಟದೆ ಕಾಯುತ್ತಿತ್ತು.

ಬಾರಕೂರು ಮತ್ತು ಮಂಗಳೂರಿನ ವಿಷಯವೂ ಹೀಗೆಯೇ. ಬಾರಕೂರಿನಲ್ಲಿ ಆಳುತ್ತಿದ್ದವನು ಹಿಂದೂ ಅರಸ, ಅಲ್ಲಿ ಮುಸ್ಲಿಮರಿಗೆ ಮಸೀದಿಯೂ ಇತ್ತು, ಕಾಝಿಯೂ ಇದ್ದನು. ಮಂಗಳೂರಿನ ಹೊರವಲಯದಲ್ಲಿ ಸುಮಾರು 4,000 ಮುಸ್ಲಿಮರಿದ್ದರು. ಊರವರಿಗೂ ಅವರಿಗೂ ಆಗಾಗ ಕಾದಾಟವಾಗುತ್ತಿತ್ತು. ವ್ಯಾಪಾರಿಗಳಿಲ್ಲದೆ ತನ್ನ ರಾಜ್ಯ ನಡೆಯದೆಂದು ಅರಿತಿದ್ದ ಅರಸನು ಪ್ರತಿಸಲವೂ ರಾಜಿ ಮಾಡಿಸುತ್ತಿದ್ದನು. ಇಲ್ಲಿ ಕೇವಲ ಸೌಹಾರ್ದದ ಚಿತ್ರವೂ ಇಲ್ಲ, ಕೇವಲ ಹಗೆತನದ ಚಿತ್ರವೂ ಇಲ್ಲ. ಜಗಳವಾಡಿ ಮತ್ತೆ ಒಂದಾಗಿ ಒಂದೇ ಊರಿನಲ್ಲಿ ಬಾಳಿದ ಮನುಷ್ಯರ ಚಿತ್ರವಿದೆ. ಇತಿಹಾಸವನ್ನು ತಮಗೆ ಬೇಕಾದ ಒಂದೇ ಬಣ್ಣದಲ್ಲಿ ಅದ್ದಿ ತೆಗೆಯುವವರಿಗೆ ಇಂತಹ ಸಾಕ್ಷಿ ಹಿಡಿಸುವುದಿಲ್ಲ.

ಅತಿಥಿಯ ಕಣ್ಣಿನ ಪೊರೆ

ಆದರೆ ಇಬ್ನ್ ಬತೂತಾನ ಸಾಕ್ಷ್ಯವನ್ನು ಓದುವಾಗ ಅವನ ದೃಷ್ಟಿದೋಷವನ್ನೂ ಕಾಣದೆ ಹೋಗಬಾರದು. ಅವನು ಬದುಕಿದ್ದು ಸುಲ್ತಾನರ, ಅಮೀರರ, ವರ್ತಕರ ಪಂಕ್ತಿಯಲ್ಲಿ. ದೆಹಲಿಯಲ್ಲಿ ಅವನಿಗೆ ಬರುತ್ತಿದ್ದ ಸಂಬಳ ಹಳ್ಳಿಗಳ ಕಂದಾಯದಿಂದ ಬರುತ್ತಿತ್ತು. ಆ ಹಳ್ಳಿಗಳ ರೈತನ ಮಾತು ಅವನ ಗ್ರಂಥದಲ್ಲಿ ಕೇಳಿಬರುವುದಿಲ್ಲ. ಗುಲಾಮರನ್ನು ಕೊಳ್ಳುವುದು, ಕಾಣಿಕೆಯಾಗಿ ಕೊಡುವುದು ಅವನಿಗೆ ಕುದುರೆ ಕೊಂಡಷ್ಟೇ ಸಹಜವಾಗಿತ್ತು. ಹೋದ ಹೋದಲ್ಲಿ ಮದುವೆಯಾಗಿ, ಹೊರಡುವಾಗ ಹೆಂಡಿರನ್ನು ಬಿಟ್ಟು ಹೋದುದನ್ನು ಅವನು ಮರುಕವಿಲ್ಲದೆ ಹೇಳುತ್ತಾನೆ. ಅವನ ಎಂಟು ವರ್ಷಗಳ ದೆಹಲಿವಾಸದಲ್ಲಿ ಸುತ್ತಲಿನ ಬಹುಜನರ ಮನೆ, ನಂಬಿಕೆ, ಶಾಸ್ತ್ರಗಳ ಒಳಗನ್ನು ಅರಿಯುವ ಪ್ರಯತ್ನ ಕಾಣುವುದಿಲ್ಲ.

ಈ ವಿಷಯದಲ್ಲಿ ಅವನಿಗಿಂತ ಮೂರು ಶತಮಾನ ಹಿಂದಿನ ಅಲ್‌ಬಿರೂನಿ ಬಹು ಎತ್ತರದವನು. ಅವನು ಸಂಸ್ಕೃತವನ್ನು ಕಲಿತು, ಪಂಡಿತರ ಬಳಿ ಕುಳಿತು, ಅವರ ಗ್ರಂಥಗಳನ್ನು ಓದಿ ‘ಕಿತಾಬುಲ್ ಹಿಂದ್’ ಬರೆದನು. ತನ್ನ ಪೋಷಕನಾದ ಘಜ್ನಿಯ ಮಹಮೂದನ ದಾಳಿಗಳು ಈ ನಾಡಿನ ಏಳಿಗೆಯನ್ನು ಹಾಳುಗೆಡವಿದವೆಂದು ಹೇಳಲು ಅವನು ಅಂಜಲಿಲ್ಲ. ತಮ್ಮ ದೇಶದಂಥ ದೇಶವಿಲ್ಲ, ತಮ್ಮ ವಿದ್ಯೆಯಂಥ ವಿದ್ಯೆಯಿಲ್ಲ ಎಂಬ ಇಲ್ಲಿನ ಪಂಡಿತರ ಗರ್ವವನ್ನು ಟೀಕಿಸಲೂ ಅಂಜಲಿಲ್ಲ. ಆತಿಥೇಯನನ್ನು ತೂಗುವ ಮುನ್ನ ಅತಿಥಿ ಅವನ ಭಾಷೆ ಕಲಿಯಬೇಕು ಎಂಬ ಪಾಠ ಇಲ್ಲಿದೆ.

ಇಬ್ನ್ ಬತೂತಾ 1349ರಲ್ಲಿ ಮೊರಾಕ್ಕೋಗೆ ಮರಳಿದನು. ಇಪ್ಪತ್ತನಾಲ್ಕು ವರ್ಷಗಳಾಗಿದ್ದವು. ತಂದೆ ತೀರಿಹೋಗಿ ಹದಿನೈದು ವರ್ಷಗಳಾಗಿದ್ದವೆಂದು ದಾರಿಯಲ್ಲೇ ತಿಳಿದಿತ್ತು. ತಾಯಿ ಅವನು ಊರು ತಲುಪುವ ಸ್ವಲ್ಪ ಮುಂಚೆ ಮಹಾಮಾರಿಗೆ ಬಲಿಯಾಗಿದ್ದಳು. ಲೋಕದ ಅರಸರನ್ನೆಲ್ಲ ಕಂಡವನಿಗೆ ಊರಿನಲ್ಲಿ ದೊರೆತದ್ದು ತಾಯಿಯ ಕಬರು ಮಾತ್ರ. ಆದರೂ ತನ್ನ ನಾಡಿನಷ್ಟು ಒಳ್ಳೆಯ ನಾಡಿಲ್ಲವೆಂದು ಅವನು ಕೊಂಡಾಡಿದನು. ಮೊರಾಕ್ಕೋದ ಸುಲ್ತಾನನ ಅಪ್ಪಣೆಯಂತೆ ಇಬ್ನ್ ಜುಝೈ ಎಂಬ ವಿದ್ವಾಂಸನಿಗೆ ತನ್ನ ಪ್ರವಾಸಕಥನವನ್ನು ಹೇಳಿ ಬರೆಸಿದನು. ಅದು 1355ರಲ್ಲಿ ಮುಗಿಯಿತು. ಆ ಹೊತ್ತಿಗೆ ಮುಹಮ್ಮದ್ ಬಿನ್ ತುಘ್ಲಕ್ ಸತ್ತು ನಾಲ್ಕು ವರ್ಷಗಳಾಗಿದ್ದವು. ಸತ್ತ ಅರಸನಿಂದ ಭಯವೂ ಇರಲಿಲ್ಲ, ಲಾಭವೂ ಇರಲಿಲ್ಲ. ಆದರೂ ಅವನ ಔದಾರ್ಯವನ್ನು ಪುಟಗಟ್ಟಲೆ ಬಣ್ಣಿಸಿ, ಅವನ ಕ್ರೌರ್ಯವನ್ನೂ ಪುಟಗಟ್ಟಲೆ ಬರೆಸಿದನು.

ಫೆಝ್ ನಗರದ ಜನ ಆ ಔದಾರ್ಯದ ಮಾತನ್ನು ನಂಬಲಿಲ್ಲ. ಇಬ್ನ್ ಖಲ್ದೂನ್ ತನ್ನ ‘ಮುಕದ್ದಿಮಾ’ದಲ್ಲಿ ಇದನ್ನು ಹೇಳುತ್ತಾನೆ. ತನಗೂ ಅನುಮಾನವಿದ್ದುದನ್ನು ಒಬ್ಬ ವಝೀರನ ಮುಂದೆ ಆಡಿದಾಗ, ಆ ವಝೀರನು ಒಂದು ಕಥೆ ಹೇಳಿದನಂತೆ. ಸೆರೆಮನೆಯಲ್ಲೇ ಬೆಳೆದ ಹುಡುಗನೊಬ್ಬನಿಗೆ ತಂದೆ ಕುರಿಯ ವರ್ಣನೆ ಮಾಡಿದರೆ, ಅದು ಇಲಿಯ ಹಾಗಿರುತ್ತದೆಯೇ ಎಂದು ಹುಡುಗ ಕೇಳುತ್ತಿದ್ದನು. ಅವನು ಕಂಡಿದ್ದ ಪ್ರಾಣಿ ಇಲಿಯೊಂದೇ. ತಾನು ಕಾಣದ್ದೆಲ್ಲ ಸುಳ್ಳೆನ್ನುವವನು ಆ ಸೆರೆಮನೆಯ ಹುಡುಗನಂತೆ. ಪರದೇಶದಿಂದ ಬಂದವನು ಒಳ್ಳೆಯದನ್ನು ಹೇಳಿದರೆ ಬಡಾಯಿ, ಕೆಟ್ಟದ್ದನ್ನು ಹೇಳಿದರೆ ಕೃತಘ್ನತೆ ಎನ್ನುವ ನಮಗೂ ಈ ಕಥೆ ತಕ್ಕುದೇ.

ಇಬ್ಬರು ತಾಯಂದಿರ ಮಾತು

ಈ ಎರಡು ಮನಸ್ಸು ನಮ್ಮ ಇತಿಹಾಸದ ಆರಂಭದಲ್ಲೇ ಇತ್ತು. ಮಕ್ಕಾದ ಹಿಂಸೆ ತಾಳಲಾರದೆ ಪ್ರವಾದಿ ಮುಹಮ್ಮದ್(ಸ)ರ ಅನುಚರರು ಹಬಶಾ ದೇಶಕ್ಕೆ ಹಿಜ್ರತ್ ಹೋದರು. ಅಲ್ಲಿನ ಕ್ರೈಸ್ತ ಅರಸ ನಜ್ಜಾಶಿ ಅವರಿಗೆ ಆಶ್ರಯ ಕೊಟ್ಟನು. ಆ ದಿನಗಳನ್ನು ನೆನೆದ ಹಝ್ರತ್ ಉಮ್ಮು ಸಲಮಾ(ರ), ನಮಗೆ ಅತ್ಯುತ್ತಮ ನೆರೆಯವನು ದೊರೆತಿದ್ದ, ನಮ್ಮ ಧರ್ಮಕ್ಕೆ ಅಲ್ಲಿ ಅಭಯವಿತ್ತು ಎಂದರು. ನಜ್ಜಾಶಿಯ ವಿರುದ್ಧ ದಂಗೆಯೆದ್ದಾಗ ಆ ಮುಹಾಜಿರರು ಅವನ ಗೆಲುವಿಗಾಗಿ ಪ್ರಾರ್ಥಿಸಿದರು. ಅದೇ ಹಬಶಾದಲ್ಲಿ ವರ್ಷಗಟ್ಟಲೆ ಇದ್ದು ಖೈಬರ್ ಯುದ್ಧದ ವೇಳೆಗೆ ಮದೀನಾ ಸೇರಿದ ಹಝ್ರತ್ ಅಸ್ಮಾ ಬಿಂತ್ ಉಮೈಸ್(ರ) ಅವರ ಅನುಭವ ಬೇರೆ. ಹಿಜ್ರತಿನಲ್ಲಿ ನಾವೇ ನಿಮಗಿಂತ ಮುಂದಿನವರು ಎಂದು ಹಝ್ರತ್ ಉಮರ್(ರ) ಹೇಳಿದಾಗ ಅವರು ಸಿಟ್ಟಾದರು. ನೀವು ಪ್ರವಾದಿಯವರ ಜೊತೆಗಿದ್ದಿರಿ, ಹಸಿದಾಗ ಅವರು ಉಣಿಸಿದರು, ನಾವಾದರೋ ದೂರದ ಪರಕೀಯ ನೆಲದಲ್ಲಿ ನೋವು ಮತ್ತು ಭಯದಲ್ಲಿ ಬಾಳಿದೆವು ಎಂದರು. ಪ್ರವಾದಿ(ಸ)ರು ಅವರನ್ನು ಗದರಲಿಲ್ಲ. ನಜ್ಜಾಶಿಯ ಉಪಕಾರವನ್ನು ಮರೆತೆಯಾ ಎಂದು ಕೇಳಲಿಲ್ಲ. ನಿಮಗೆ ಎರಡು ಹಿಜ್ರತ್‌ಗಳ ಪುಣ್ಯವಿದೆ ಎಂದು ಸಂತೈಸಿದರು.

ದೇಶವೊಂದೇ, ಅರಸನೊಬ್ಬನೇ, ಇಬ್ಬರು ತಾಯಂದಿರ ಮಾತು ಎರಡು. ಎರಡೂ ನಿಜ. ಮದೀನಾ ತಲುಪಿ ಜ್ವರದಲ್ಲಿ ಮಲಗಿದ ಹಝ್ರತ್ ಬಿಲಾಲ್(ರ) ಮಕ್ಕಾದ ಹುಲ್ಲನ್ನೂ ನೀರಿನ ಸೆಲೆಗಳನ್ನೂ ನೆನೆದು ಹಂಬಲಿಸಿದಾಗ, ಮಕ್ಕಾವನ್ನು ಮರೆಯಿರಿ ಎಂದು ಪ್ರವಾದಿ(ಸ)ರು ಹೇಳಲಿಲ್ಲ. ಮಕ್ಕಾದಷ್ಟೇ, ಅದಕ್ಕಿಂತಲೂ ಹೆಚ್ಚಾಗಿ ಮದೀನಾದ ಮೇಲೆ ನಮಗೆ ಪ್ರೀತಿ ಕೊಡು ಎಂದು ಅಲ್ಲಾಹನಲ್ಲಿ ಬೇಡಿದರು.

ಈ ಬೆಳಕಿನಲ್ಲಿ ನಮ್ಮ ಕರ್ತವ್ಯ ಸ್ಪಷ್ಟವಾಗುತ್ತದೆ. ಪರದೇಶದಿಂದ ಮರಳಿದ ಮಗನು ಆ ದೇಶದ ಒಳಿತನ್ನು ಹೇಳಿದಾಗ ಹೇಗೋ, ಅಲ್ಲಿ ಉಂಡ ಅವಮಾನವನ್ನು ಹೇಳಿದಾಗಲೂ ಹಾಗೆಯೇ ಕಿವಿಗೊಡೋಣ. ಅವನು ತಂದ ಹಣವನ್ನು ಎಣಿಸಿದಷ್ಟೇ ಜತನದಿಂದ ಅವನ ಮೌನವನ್ನೂ ಎಣಿಸೋಣ. ನಮ್ಮ ಒಡೆಯರಪಾಳ್ಯದ ನೆರೆಯವರು ತಮ್ಮ ಊರನ್ನು ನೆನೆದು ನಿಟ್ಟುಸಿರು ಬಿಟ್ಟರೆ, ನಮ್ಮ ನಾಡಿನ ಕುಂದೊಂದನ್ನು ತೋರಿಸಿದರೆ, ಐವತ್ತು ವರ್ಷ ಅನ್ನ ಕೊಟ್ಟೆವಲ್ಲ ಎಂಬ ಮಾತು ನಮ್ಮ ಬಾಯಿಂದ ಬಾರದಿರಲಿ. ಗಡಿಗಳೆಂಬುವು ಎಷ್ಟು ಚಂಚಲವೆಂದು ಈ ಸೀಮೆಯ ನಮಗೆ ಹೇಳಿಕೊಡಬೇಕಾಗಿಲ್ಲ. 1956ರ ನವೆಂಬರ್ 1ರವರೆಗೆ ಯಳಂದೂರು ಮೈಸೂರಿನಲ್ಲಿತ್ತು, ಪಕ್ಕದ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಇಂದಿನ ಮನೆಯವನು ನಾಳಿನ ಅತಿಥಿ.

ಉಂಡ ಮನೆಯ ಜಂತೆ ಎಣಿಸಬಾರದು, ನಿಜ. ಆದರೆ ಆ ಮನೆಯ ಜಂತೆ ಗೆದ್ದಲು ಹಿಡಿದು ಬೀಳುವಂತಿದ್ದರೆ ಮೊದಲು ಕೂಗಿ ಹೇಳಬೇಕಾದವನು ಅದರಡಿಯಲ್ಲಿ ಉಂಡು ಮಲಗಿದವನೇ. ಅನ್ನದ ಋಣ ತೀರುವುದು ಹೊಗಳಿಕೆಯಿಂದಲ್ಲ, ನಿಜವಾದ ಸಾಕ್ಷ್ಯದಿಂದ. ಇಬ್ನ್ ಬತೂತಾ ತನ್ನ ಎಲ್ಲ ದೌರ್ಬಲ್ಯಗಳ ನಡುವೆಯೂ ಆ ಋಣವನ್ನು ತೀರಿಸಿಯೇ ಹೋದನು. ಪ್ರೀತಿಯಾಗಲಿ ಕಹಿಯಾಗಲಿ ನಮ್ಮನ್ನು ನ್ಯಾಯದಿಂದ ಜಾರಿಸದಂತೆ ಅಲ್ಲಾಹನು ನಮಗೆ ಸದ್ಬುದ್ಧಿಯನ್ನು ಕರುಣಿಸಲಿ. ಆಮೀನ್.